ಮುಖಪುಟ ಹರೀಬ್ಯಾಡ ತಮ್ಮಾ!

‘ಮಾಯಾಬಜಾರ್’ನಲ್ಲಿ ಘಟೋತ್ಕಚ ಮದುವೆಮನೆಯ ಊಟವನ್ನೆಲ್ಲ ಒಬ್ಬನೇ ಗುಳುಂ ಮಾಡುವ ದೃಶ್ಯ ನೆನಪಿದೆ ತಾನೆ? ಲಡ್ಡುಗಳು ತಾವಾಗಿಯೇ ಎದ್ದು ಬಂದು ಎಸ್.ವಿ. ರಂಗರಾಯರ ಬಾಯಿಗೆ ಬೀಳುತ್ತವೆ! 1957ರ ಕಪ್ಪು-ಬಿಳುಪು ಚಿತ್ರ. 2010ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ‘ಮಾಯಾಬಜಾರ್’ಗೂ ಆರು ವರ್ಷ ಮೊದಲು ಬಂದದ್ದು ‘ಪಾತಾಳ ಭೈರವಿ’. ಎರಡನ್ನೂ ತೆಗೆದವರು ಮದರಾಸಿನ ವಡಪಳನಿಯ ವಿಜಯಾ ಸಂಸ್ಥೆಯವರು. ಯಜಮಾನರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ.

ಇಷ್ಟು ಸಿನಿಮಾ ಹುಚ್ಚಿರುವ ಎಲ್ಲರಿಗೂ ಗೊತ್ತು. ಇದೇ ಜೋಡಿ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಒಂದು ಮಕ್ಕಳ ಮಾಸಪತ್ರಿಕೆ ಶುರು ಮಾಡಿತು ಎಂಬುದು ಎಷ್ಟು ಜನಕ್ಕೆ ಗೊತ್ತು? ತೆಲುಗಿನಲ್ಲಿ ಅದರ ಹೆಸರು ‘ಚಂದಮಾಮ’, ತಮಿಳಿನಲ್ಲಿ ‘ಅಂಬುಲಿಮಾಮ’. ಕನ್ನಡದ ‘ಚಂದಮಾಮ’ ಬಂದದ್ದು 1949ರಲ್ಲಿ. ಒಂದು ಕೈಯಲ್ಲಿ ಸ್ಟುಡಿಯೋ, ಇನ್ನೊಂದು ಕೈಯಲ್ಲಿ ಛಾಪಖಾನೆ. ಪರದೆಯ ಮೇಲೆ ಮಾಂತ್ರಿಕ, ಮುಖಪುಟದ ಮೇಲೂ ಮಾಂತ್ರಿಕ. ಆದ್ದರಿಂದ ‘ಸಿನಿಮಾ ಪತ್ರಿಕೆಯಲ್ಲಿ ಚಂದಮಾಮನ ಪುರಾಣ ಯಾಕಪ್ಪ’ ಅಂತ ನಡುಪುಟದ ತಾರೆಯ ಕಡೆ ಓಡಬೇಡಿ. ಸ್ವಲ್ಪ ತಾಳಿ. ಆಕೆ ಎಲ್ಲೂ ಹೋಗುವುದಿಲ್ಲ!

ಈ ವಾರ ಈ ಸುದ್ದಿ ಎತ್ತಿಕೊಳ್ಳಲು ಕಾರಣ ಕಮಲಾಪುರದಿಂದ ಬಂದ ಒಂದು ಕಾಗದ. ಬರೆದವರು ಇಪ್ಪತ್ತೆರಡರ ತರುಣ, ದಿನಾ ಬಸ್ಸು ಹಿಡಿದು ಕಲಬುರಗಿಗೆ ಕೆಲಸಕ್ಕೆ ಬರುವವರು. ಹೆಸರು ಬೇಡ ಎಂದಿದ್ದಾರೆ, ಬೇಡ. ಅವರ ಮನೆಯ ಅಟ್ಟದ ಮೇಲೆ ಮುತ್ಯಾನ ತಗಡಿನ ಪೆಟ್ಟಿಗೆ ಇದೆಯಂತೆ. ಅದರಲ್ಲಿ 112 ಹಳೇ ‘ಚಂದಮಾಮ’. ನಾಲ್ಕಾರರ ಫೋಟೋ ತೆಗೆದು ಫೋನಿನಲ್ಲಿ ಹಾಕಿದ್ದೇ ತಡ, ಬೆಂಗಳೂರಿನಿಂದ ಒಬ್ಬ ವ್ಯಾಪಾರಿಯ ಕರೆ: “ಪೂರ್ತಿ ಪುಸ್ತಕ ಬೇಡ. ಮುಖಪುಟ ಮಾತ್ರ ನೀಟಾಗಿ ಕತ್ತರಿಸಿ ಕಳಿಸಿ. ಒಂದಕ್ಕೆ ನೂರೈವತ್ತು.” ಗುಣಿಸಿ ನೋಡಿ, 16,800 ರೂಪಾಯಿ! ಹಳೇ ಬೈಕಿಗೆ ಮುಂಗಡವಾಗುತ್ತದೆ, ಬಸ್ಸಿನ ಬಾಗಿಲಲ್ಲಿ ಜೋತಾಡುವುದು ತಪ್ಪುತ್ತದೆ. “ಸರ್, ಒಳಗಿನ ಪುಟ ರದ್ದಿಗೆ ಹಾಕಿ ಮುಖಪುಟ ಕೊಡ್ಲಾ? ಬೇಗ ಹೇಳ್ರಿ” ಎಂದು ಕೇಳಿದ್ದಾರೆ.

ಕತ್ತರಿ ಕೆಳಗಿಡಿ ತಮ್ಮಾ ಎಂದು ಅಂದೇ ಉತ್ತರ ಹಾಕಿದೆ. ಹಾಕಿ ಸುಮ್ಮನಿರಲಾಗಲಿಲ್ಲ. ಭಾನುವಾರ ಕಲಬುರಗಿ ಬಸ್ ನಿಲ್ದಾಣಕ್ಕೆ ಹೋಗಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಇಳಿದವರು ಕೆಂಪು ಬಾಳೆಹಣ್ಣು ತಿನ್ನದೆ ಹೋದರೆ ಊರಿಗೆ ಅವಮಾನ. ಎರಡು ತಿಂದೇ ಮುಂದೆ ನಡೆದೆ.

ಮುತ್ಯಾನಿಗೆ ಎಂಬತ್ತೈದು ದಾಟಿದೆ. ಕಣ್ಣು ಮಂಜು, ಮಾತು ಮಾತ್ರ ಸ್ಪಷ್ಟ. ಪೆಟ್ಟಿಗೆ ಇಳಿಸಿ ಮುಚ್ಚಳ ತೆರೆದಾಗ ಹಳೇ ಕಾಗದದ ವಾಸನೆ ಪಡಸಾಲೆಗೆಲ್ಲ ಹಬ್ಬಿತು. ಹನ್ನೆರಡು ಹನ್ನೆರಡರ ಕಟ್ಟು, ಸೆಣಬಿನ ಹುರಿ. ಹುರಿ ಕಚ್ಚಿದ ಕಡೆ ಅಂಚು ಸೀಳಿದೆ; ಅದು ಬಿಟ್ಟರೆ ಚಿತ್ರಗಳು ಭದ್ರ. ಕಪ್ಪು ಹಿನ್ನೆಲೆಯಲ್ಲಿ ಎದ್ದು ನಿಂತ ಭೀಮ, ರಥದ ಮೇಲೆ ಕೃಷ್ಣಾರ್ಜುನರು... ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ವ್ಯಾಪಾರಿ ಆಸೆಪಟ್ಟದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಒಳಪುಟ ತಿರುವಿದಾಗ ನಾನು ದಂಗಾದೆ. ಕನ್ನಡ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ, ಬಲದಿಂದ ಎಡಕ್ಕೆ, ಸಣ್ಣ ಸಣ್ಣ ಉರ್ದು ಅಕ್ಷರ! ಪುಟಕ್ಕೆ ಐದಾರು ಕಡೆ.

“ಅದು ನಂದೇ ರೀ” ಎಂದರು ಮುತ್ಯಾ. “ನಾ ಸಾಲಿಗಿ ಹೋದಾಗ ನಿಜಾಮನ ಕಾಲ. ಮನ್ಯಾಗ ಮಾತು ಕನ್ನಡ, ಸಾಲ್ಯಾಗ ಉರ್ದು. ಮುಂದ ಪೊಲೀಸ್ ಆ್ಯಕ್ಷನ್ ಆತು, ಕನ್ನಡ ಬಂತು. ನಮಗ ಓದ್ಲಾಕ ಎಲ್ಲಿ ಬರ್ತಿತ್ತು? ನಮ್ಮ ಸೋದರಮಾವ ಕಲಬುರಗಿ ಸ್ಟೇಷನ್ ಬಜಾರದಾಗ ದುಡೀತಿದ್ದ. ಮದರಾಸ ಗಾಡಿ ಬಂತು ಅಂದ್ರ ಚಂದಮಾಮ ಬಂತು ಅಂತ ತಿಳ್ಕೋ. ಅಂವ ತಂದು ಕೊಡ್ತಿದ್ದ. ಸೇನಾಧಿಪತಿ ಅಂದ್ರೇನು? ಕೇಳ್ಕೊಂಡು ಕೆಳಗ ಸಿಪಹಸಾಲಾರ್ ಅಂತ ಬರ್ಕೊಂಡೆ. ಮಂತ್ರಿ ಅಂದ್ರ ವಜೀರ. ಹಿಂಗ ಬರ್ಕೋತ ಬರ್ಕೋತ ಕನ್ನಡ ಕಲ್ತೆ.”

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ಕನ್ನಡ ‘ಚಂದಮಾಮ’ ಹುಟ್ಟಿದ್ದು ಅದರ ಮರುವರ್ಷ. ಲೆಕ್ಕ ಹಾಕಿ. ಉರ್ದು ಶಾಲೆಯಿಂದ ಆಗತಾನೆ ಹೊರಬಿದ್ದ ಹತ್ತು ವರ್ಷದ ಹುಡುಗನಿಗೆ ಇದು ಕಥೆಪುಸ್ತಕವೂ ಹೌದು, ಕನ್ನಡ ಮೇಷ್ಟರೂ ಹೌದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಪೆನ್ಸಿಲ್ ಗುರುತು ನಿಂತುಹೋಗಿದೆ. ಆಗ ಹುಡುಗನಿಗೆ ಅರ್ಥ ಬರೆದುಕೊಳ್ಳುವ ಅಗತ್ಯವಿರಲಿಲ್ಲ. 112ರಲ್ಲಿ ಹೀಗೆ ಗುರುತಿರುವುದು 31. ಬೆಂಗಳೂರಿನ ವ್ಯಾಪಾರಿ ರದ್ದಿಗೆ ಹಾಕಿ ಎಂದದ್ದು ಈ ಪುಟಗಳನ್ನೇ!

ಮೊಮ್ಮಗ ಇದನ್ನು ಅಂದೇ ಮೊದಲು ಕೇಳಿದ್ದು. ಆತನಿಗೆ ಉರ್ದು ಬಾರದು. ‘ಯಾರೋ ಗೀಚ್ಯಾರ’ ಅಂದುಕೊಂಡಿದ್ದನಂತೆ. “ಮತ್ತ ನೀ ಯಾಕ ಹೇಳಲಿಲ್ಲ ಮುತ್ಯಾ?” ಅಂದ. “ನೀ ಯಾವಾಗ ಕೇಳ್ದಿ?” ಅಂದರು ಮುತ್ಯಾ. ಹುಡುಗ ಎದ್ದು ನೀರು ತರಲು ಒಳಗೆ ಹೋದ.

ಇನ್ನು ಚಿತ್ರಗಳ ಮಾತು. ಐವತ್ತರ ದಶಕದ ‘ಚಂದಮಾಮ’ದ ಮಹಾಭಾರತ ಮುಖಪುಟಗಳನ್ನು ಬರೆದವರು ನಮ್ಮ ಮೈಸೂರಿನ ಎಂ.ಟಿ.ವಿ. ಆಚಾರ್ಯ. ‘ಬಭ್ರುವಾಹನ’ (1977) ಚಿತ್ರದಲ್ಲಿ ಅಣ್ಣಾವ್ರು ಅರ್ಜುನನಾಗಿ ನಿಲ್ಲುವ ಎಷ್ಟೋ ಮೊದಲೇ ಅರ್ಜುನನ ನಿಲುವು, ಕಿರೀಟ, ಬಿಲ್ಲು ಹಿಡಿಯುವ ಠೀವಿ ಹೇಗಿರಬೇಕೆಂದು ಒಂದು ತಲೆಮಾರಿನ ಕಣ್ಣಿಗೆ ಕಲಿಸಿದವರು ಇವರೇ ಎಂದು ನನ್ನ ವಾದ. ಬೇಕಾದರೆ ಜಗಳಕ್ಕೆ ಬನ್ನಿ. ಆಚಾರ್ಯರು ಮುಂದೆ ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಅವರ ನಂತರ ಮುಖಪುಟ ಆಳಿದವರು ಆಂಧ್ರದ ವಡ್ಡಾದಿ ಪಾಪಯ್ಯ. ಮೂಲೆಯಲ್ಲಿ ತೆಲುಗಿನಲ್ಲಿ ‘ವ.ಪಾ.’ ಎಂಬ ಪುಟ್ಟ ರುಜು ಇದ್ದರೆ ಅದು ಅವರದು. ಒಳಪುಟಗಳಲ್ಲಿ ‘ಚಿತ್ರಾ’ ಮತ್ತು ಶಂಕರ್. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ಹೊರಟ ವಿಕ್ರಮರಾಜನನ್ನು ನೆನೆದರೆ ಕಣ್ಮುಂದೆ ಬರುವುದು ಶಂಕರ್ ಬರೆದ ಚಿತ್ರ. ಅವರು ತೀರಿಕೊಂಡದ್ದು 2020ರಲ್ಲಿ. ಪತ್ರಿಕೆ ಅದಕ್ಕೂ ಮೊದಲೇ, 2013ರಲ್ಲಿ, ನಿಂತುಹೋಗಿತ್ತು. ಅಂದರೆ ಇರುವಷ್ಟೇ ಇದೆ, ಹೊಸದು ಬರುವುದಿಲ್ಲ.

ಮುತ್ಯಾನ ಪೆಟ್ಟಿಗೆಯ ಮಹಾಭಾರತ ಸಂಚಿಕೆಗಳಲ್ಲಿ ಇನ್ನೊಂದು ಸಂಗತಿ ಕಂಡೆ. ಮುಖಪುಟದ ಚಿತ್ರಕ್ಕೆ ಒಳಗೊಂದು ಪುಟದಲ್ಲಿ ವಿವರಣೆ ಇದೆ: ಯಾರು ಯಾರ ಮೇಲೆ ಬಾಣ ಬಿಟ್ಟ, ಯಾಕೆ ಬಿಟ್ಟ. ಹೊದಿಕೆ ಕಿತ್ತು ಚೌಕಟ್ಟು ಹಾಕಿಸಿದರೆ ಆ ಕಥೆ ಹೋಯಿತು, ಬೆನ್ನಿನ ಜಾಹೀರಾತು ಗೋಡೆಗೆ ಅಂಟಿತು. ಚೌಕಟ್ಟಿನವನು ಅಳತೆಗೆಂದು ಅಂಚು ಕತ್ತರಿಸಿದರೆ ಮೂಲೆಯ ರುಜುವೂ ಹೋಯಿತು. ಹೋಟೆಲಿನ ಗೋಡೆಗೆ ಅದು ಚೆಂದವೇ. ಆದರೆ ಯಾವ ತಿಂಗಳು, ಯಾವ ವರ್ಷ, ಯಾರ ಕೈಚಳಕ ಎಂದು ಕೇಳಿದರೆ ಗೋಡೆ ಏನು ಹೇಳೀತು? ಹಳೇ ಕಾಲದ ಬೈಂಡಿಂಗ್‌ನವರೂ ಇದೇ ಪಾಪ ಮಾಡಿದ್ದಾರೆ. ವರ್ಷದ ಹನ್ನೆರಡು ಸಂಚಿಕೆ ಹೊಲಿಯುವಾಗ ಮುಖಪುಟ, ಜಾಹೀರಾತು ಕಿತ್ತು ಬಿಸಾಡಿ, ಅಂಚು ಸವರಿ, ರಟ್ಟು ಹಾಕಿ ‘ಭದ್ರ ಆತು ನೋಡ್ರಿ’ ಎನ್ನುತ್ತಿದ್ದರು!

ಸಂಗ್ರಹದ ಹುಚ್ಚು ಹಿಡಿದವರಿಗೆ ಕಲಬುರಗಿಯಷ್ಟು ಒಳ್ಳೆಯ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಬೆಂಗಳೂರಿನವರು ಹುಬ್ಬೇರಿಸಲಿ, ನನಗೇನು! ‘ಚಂದಮಾಮ’ ಕನ್ನಡ, ತೆಲುಗು, ಹಿಂದಿಗಳಲ್ಲಿ ಬಂತು. ಮರಾಠಿಯಲ್ಲಿ 1952ರಿಂದ ‘ಚಾಂದೋಬಾ’ ಎಂಬ ಹೆಸರಿನಲ್ಲಿ ಬಂತು. ಅದೇ ಮುಖಚಿತ್ರ, ಲಿಪಿ ಬೇರೆ. ನಮ್ಮಲ್ಲಿ ಸೇಡಂ-ಚಿಂಚೋಳಿ ಕಡೆಯಿಂದ ತೆಲುಗು, ಅಕ್ಕಲಕೋಟೆ-ಸೊಲ್ಲಾಪುರ ಕಡೆಯಿಂದ ಮರಾಠಿ ಬಂದು ಸೇರುತ್ತದೆ. ಮನೆ ಖಾಲಿ ಮಾಡುವವರು ರದ್ದಿ ಅಂಗಡಿಗೆ ಹಾಕಿದ ಒಂದೇ ಚೀಲದಲ್ಲಿ ಮೂರು ಲಿಪಿ ಕಂಡವನು ನಾನು. ಒಂದೇ ಚಿತ್ರ ನಾಲ್ಕು ಅಕ್ಷರಗಳಲ್ಲಿ ಸಾಲಾಗಿ ಇಡುವ ಸುಖ, ಆಹಾ! ಅದರ ಜೊತೆಗೆ ಉರ್ದು ಓದುವ ಮನೆಗಳಿಂದ ದೆಹಲಿಯ ‘ಶಮಾ’ ಬರುತ್ತದೆ. 1939ರಲ್ಲಿ ಯೂಸುಫ್ ದೆಹಲವಿ ಶುರುಮಾಡಿದ ಸಿನಿಮಾ ಪತ್ರಿಕೆ. ಅಕ್ಷರ ಬಾರದಿದ್ದರೆ ಬೇಡ, ಚಿತ್ರ ನೋಡಿ ಎತ್ತಿಟ್ಟುಕೊಳ್ಳಿ.

ದಕ್ಷಿಣದ ಕಡೆ ಹೋದವರು ‘ಕೊರವಂಜಿ’ ಕೇಳಿ ನೋಡಿ. ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಹೊರಡಿಸಿದ ನಗೆಪತ್ರಿಕೆ, 1967ರವರೆಗೆ ನಡೆಯಿತು. ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಎಂಬ ಹುಡುಗನ ಗೆರೆಗಳು ಅದರಲ್ಲಿವೆ. ಅದು ಕೈಗೆ ಸಿಕ್ಕರೆ ಯಾರಿಗೂ ಹೇಳದೆ ಮೊದಲು ರೊಕ್ಕ ಕೊಟ್ಟುಬಿಡಿ.

ಈಗ ಕಾಸಿನ ವಿಷಯ. ರೊಕ್ಕ ಕೊಡುವ ಮುನ್ನ ವರ್ಷ ಪತ್ತೆ ಮಾಡುವುದು ಕಲಿಯಬೇಕು. ಮೊದಲ ಹಾಳೆ ಹರಿದುಹೋಗಿ ತಿಂಗಳು-ವರ್ಷ ಕಾಣದಿದ್ದರೂ ಹೆದರಬೇಡಿ. ಬೆಲೆ ನೋಡಿ. ಆಣೆಯಲ್ಲಿದ್ದರೆ ಅದು 1957ರ ಹಿಂದಿನದು. ಆ ವರ್ಷ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. ಬದಲಾವಣೆಯ ಹೊತ್ತಿನ ಕೆಲವು ಸಂಚಿಕೆಗಳಲ್ಲಿ ಎರಡೂ ಇರಬಹುದು, ಅಷ್ಟು ವಿನಾಯಿತಿ ಕೊಡಿ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ; ಆಮೇಲೆ ‘ನಯೇ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ವಿಳಾಸ ನೋಡಿ. ಬರೀ ‘ಮದರಾಸು-26’ ಎಂದಿದ್ದರೆ ಹಳೆಯದು. ಆರಂಕಿಯ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಜಾಹೀರಾತಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದೆಂದು ಹೇಳಬಹುದು. ಈ ಮೂರು ಕೀಲಿ ಕೈಯಲ್ಲಿದ್ದರೆ ‘ಇದು ಸ್ವಾತಂತ್ರ್ಯಕ್ಕಿಂತ ಹಿಂದಿಂದು ಸಾರ್’ ಎನ್ನುವ ಬುರುಡೆ ನಿಮ್ಮ ಹತ್ತಿರ ನಡೆಯುವುದಿಲ್ಲ. ಕನ್ನಡ ‘ಚಂದಮಾಮ’ಕ್ಕೆ ಹಾಗೆ ಹೇಳಿದವನ ಅಂಗಡಿಯಿಂದ ಚಾ ಕೂಡ ಕುಡಿಯದೆ ಎದ್ದು ಬನ್ನಿ.

ಎರಡನೆಯದು ನಕಲು. ಹಳೇ ಮುಖಪುಟವನ್ನು ಸ್ಕ್ಯಾನ್ ಮಾಡಿ, ದಪ್ಪ ಕಾಗದದ ಮೇಲೆ ಮುದ್ರಿಸಿ, ಚಾದ ನೀರಿನಲ್ಲಿ ಅದ್ದಿ ‘ಅಸಲಿ’ ಎಂದು ಮಾರಬಹುದು. ಪರೀಕ್ಷೆ ಸುಲಭ. ಗಡಿಯಾರ ರಿಪೇರಿಯವರ ಬೂದಗಾಜು ಹಿಡಿದು ಮುಖದ ಬಣ್ಣ ನೋಡಿ. ಹಳೇ ಮುದ್ರಣದಲ್ಲಿ ಬಣ್ಣವೆಲ್ಲ ಚುಕ್ಕಿ ಚುಕ್ಕಿಯಾಗಿ, ಸಾಲು ತಪ್ಪದೆ ರಂಗೋಲಿ ಇಟ್ಟಂತೆ ಕೂತಿರುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಓಕುಳಿ ಎರಚಿದಂತೆ ಚೆಲ್ಲಾಪಿಲ್ಲಿ. ಚುಕ್ಕಿಯ ಮೇಲೆ ಚುಕ್ಕಿ ಕೂತು ಅಲೆ ಅಲೆಯಾಗಿ ಕಂಡರೂ ಅನುಮಾನಪಡಿ; ಮುದ್ರಿಸಿದ್ದನ್ನು ಮತ್ತೆ ಮುದ್ರಿಸಿದ್ದಾರೆ. ಕೊನೆಗೆ ತಿರುವಿ ನೋಡಿ. ಅಸಲಿ ಹೊದಿಕೆಗೆ ಬೆನ್ನಿರುತ್ತದೆ: ಜಾಹೀರಾತೋ, ಫೋಟೋ ಶೀರ್ಷಿಕೆ ಸ್ಪರ್ಧೆಯೋ ಏನಾದರೂ ಅಚ್ಚಾಗಿರುತ್ತದೆ. ಹಿಂದೆ ಬೆಳ್ಳಗೆ ಖಾಲಿ ಇದ್ದರೆ ನಮಸ್ಕಾರ ಹೊಡೆದು ಬನ್ನಿ. ಪೂರ್ತಿ ಸಂಚಿಕೆ ಕೊಳ್ಳುವವನಿಗೆ ಈ ಗೊಡವೆಯೇ ಕಡಿಮೆ. ಅರವತ್ತು ಪುಟ ನಕಲು ಮಾಡುವ ತಾಳ್ಮೆ ಯಾವ ಕಳ್ಳನಿಗಿದೆ?

ಕಾಪಾಡುವುದು ಹೇಗೆ? ನಮ್ಮ ಕಡೆ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಅಗ್ಗದ ಮರದ ತಿರುಳಿನ ಕಾಗದಕ್ಕೆ ಶಾಖ, ಬೆಳಕು ಎರಡೂ ಶತ್ರು. ಹಳದಿಯಾಗಿ, ಹಪ್ಪಳವಾಗಿ, ಮುಟ್ಟಿದರೆ ಮುರಿಯುತ್ತದೆ. ತಗಡಿನ ಚಾವಣಿಯ ಕೆಳಗಿನ ಅಟ್ಟ ಬೇಡ. ನೆಲಕ್ಕೂ ಬೇಡ, ಗೆದ್ದಲು ಕಾದು ಕೂತಿರುತ್ತದೆ. ಒಳಕೋಣೆಯ ಕಬಾಟಿನಲ್ಲಿ ನಡುವಿನ ಹಲಗೆ ಒಳ್ಳೆಯದು. ಹುರಿ ಕಟ್ಟಬೇಡಿ, ಮಲಗಿಸಿ ಇಡಿ. ತುಕ್ಕು ಹಿಡಿದ ಪಿನ್ನು ಮೆಲ್ಲಗೆ ಬಿಡಿಸಿ ಬಿಳಿ ನೂಲು ಹಾಕಿ. ಹರಿದಿದ್ದಕ್ಕೆ ಸೆಲೋಟೇಪ್ ಹಚ್ಚುವವನ ಕೈ... ಬೇಡ, ಬೈಯುವುದಿಲ್ಲ! ಆ ಟೇಪಿನ ಅಂಟು ನಾಲ್ಕು ವರ್ಷದಲ್ಲಿ ಕಂದು ಕಲೆಯಾಗಿ ಚಿತ್ರದೊಳಗೆ ಇಳಿಯುತ್ತದೆ, ಆಮೇಲೆ ಬ್ರಹ್ಮ ಬಂದರೂ ತೆಗೆಯಲಾರ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಶಾಖ ಕೊಟ್ಟು ಅಂಟಿಸಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ.

ಕಮಲಾಪುರದ ಹುಡುಗನ ವ್ಯವಹಾರ ಏನಾಯಿತು ಎಂದು ಕೇಳುತ್ತೀರಿ. ಆತನಿಗೆ ರೊಕ್ಕ ಬೇಕಾಗಿತ್ತು. ದಿನಾ ಬಸ್ಸಿನಲ್ಲಿ ನಿಂತು ಹೋಗುವವನಿಗೆ ‘ಮಾರಬೇಡ, ಪೂಜೆ ಮಾಡು’ ಅನ್ನುವುದು ನನಗೆ ಸೇರದು. ಮೂವರೂ ಕೂತು ಎಣಿಸಿದೆವು. ಸೋದರಮಾವ ತಂದದ್ದನ್ನೇ ಯಾರೋ ಮತ್ತೆ ಕೊಟ್ಟು 19 ಸಂಚಿಕೆ ಜೋಡಿ ಇದ್ದವು. ಆ ಜೋಡಿಗಳಲ್ಲಿ ಪೆನ್ಸಿಲ್ ಗುರುತಿಲ್ಲದ್ದನ್ನು ಆರಿಸಿ ಪಟ್ಟಿ ಬರೆದೆವು: ತಿಂಗಳು, ವರ್ಷ, ಪುಟ ಪೂರ್ತಿ ಇದೆಯೇ, ಎಲ್ಲಿ ಹರಿದಿದೆ. ಪಟ್ಟಿಯ ಜೊತೆ ಮುಖಪುಟ, ಬೆನ್ನು, ಬೆಲೆಯ ಸಾಲು ಮೂರರದೂ ಫೋಟೋ. ಬೆಂಗಳೂರಿನ ವ್ಯಾಪಾರಿ ‘ಪೂರ್ತಿ ಪುಸ್ತಕವಾದರೆ ಕೊರಿಯರ್ ಖರ್ಚು ಹೆಚ್ಚು’ ಎಂದು ರಾಗ ಎಳೆದ. ಕಲಬುರಗಿಯಲ್ಲೇ ಇರುವ ಒಬ್ಬ ಸಂಗ್ರಾಹಕರು ಬಂದು, ಒಂದೊಂದನ್ನೂ ತಿರುವಿ ನೋಡಿ, ಹತ್ತೊಂಬತ್ತನ್ನೂ ಒಯ್ದರು. ಸಂಚಿಕೆಗೆ ಕೊಟ್ಟದ್ದು ವ್ಯಾಪಾರಿ ಬರೀ ಮುಖಪುಟಕ್ಕೆ ಹೇಳಿದ್ದಕ್ಕಿಂತ ಜಾಸ್ತಿ. ಆದರೂ ಬೈಕಿನ ಮುಂಗಡಕ್ಕೆ ಸಾಲದು. ಹುಡುಗ ಇವತ್ತಿಗೂ ಬಸ್ಸಿನಲ್ಲೇ ಬರುತ್ತಾನೆ. ಉಳಿದ 93ರ ಮೇಲೆ ಕಣ್ಣು ಹೋಗುವ ದಿನ ಮತ್ತೆ ಬರಬಹುದು. ಬಂದರೂ ಕತ್ತರಿ ಹಿಡಿಯುವುದಿಲ್ಲ ಎಂದಿದ್ದಾನೆ. ಈಗ ರಾತ್ರಿ ಮುತ್ಯಾನ ಪಕ್ಕ ಕೂತು, ಆ 31 ಸಂಚಿಕೆಗಳ ಉರ್ದು ಮಾತುಗಳನ್ನು ಬಾಯಿಂದ ಹೇಳಿಸಿ, ಒಂದು ನೋಟುಬುಕ್ಕಿಗೆ ಕನ್ನಡದಲ್ಲಿ ಇಳಿಸುತ್ತಿದ್ದಾನಂತೆ. ಹನ್ನೊಂದು ಮುಗಿದಿವೆ.

ಸಿನಿಮಾದವರಾದ ನಮಗೆ ಕಾಗದದ ಬೆಲೆ ಬೇರೆಯವರು ಹೇಳಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ಬಲ್ಲೆವು ಅನ್ನುವುದೆಲ್ಲ ಆಗಿನ ಕಾಗದ, ಫೋಟೋ, ಕಂಡವರ ಮಾತಿನ ಬಲದಿಂದ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ನೆನಪಿವೆಯೇ? ಮುಖಪುಟಕ್ಕೆ ಒಂದೇ ಬಣ್ಣದ ಚಿತ್ರ, ಒಳಗೆ ಕಥೆಯ ಸಾರಾಂಶ, ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ’ ಎಂಬ ತುಂಟತನ! ಅವುಗಳ ಬೇಟೆ ಎಲ್ಲಿ, ಹೇಗೆ ಎಂಬುದು ಮುಂದಿನ ವಾರ. ಅಷ್ಟರೊಳಗೆ ನಿಮ್ಮ ಮನೆಯ ಅಟ್ಟ ಒಮ್ಮೆ ಹತ್ತಿ ಬನ್ನಿ. ಸಿಕ್ಕಿದ್ದರ ಪಟ್ಟಿ ಬರೆದು ಕಳಿಸಿ. ಬೆಲೆ ಎಷ್ಟು ಬರುತ್ತದೆ ಎಂದು ಮಾತ್ರ ಕಾಗದದಲ್ಲಿ ಕೇಳಬೇಡಿ, ನೋಡದೆ ಹೇಳುವ ಜಾತಿ ನಾನಲ್ಲ.